ಎರಡನೇ ಹೆಗಲು

ಇಪ್ಪತ್ತೆರಡು ವರ್ಷ ನಾನು ನಮ್ಮೂರಿನ ಬಿರುದಿನ ಕಚೇರಿಯಲ್ಲಿ ಬಿನ್ನವತ್ತಳೆ ಬರೆಯುವ ಗುಮಾಸ್ತನಾಗಿದ್ದೆ. ಈಗ ಅಲ್ಲ. ಈಗ ಪಕ್ಕದ ಕೋಣೆಯಲ್ಲಿ ಜನನ ಮರಣದ ದಾಖಲೆ ಬರೆಯುತ್ತೇನೆ. ಹುಟ್ಟಿದ, ತೀರಿಕೊಂಡಳು, ಇಂಥ ದಿನ, ಇಂಥ ಬೀದಿ, ಅಷ್ಟೇ. ಉಂಡದ್ದು ಮೈಗೆ ಹತ್ತುತ್ತಿದೆ, ಮಲಗಿದರೆ ನಿದ್ದೆ ಬರುತ್ತಿದೆ. ಮುಖದ ಗಂಟು ಬಿಚ್ಚಿದೆ ಎಂದು ನನ್ನ ಹೆಂಡತಿ ನೀಲಾ ಹೇಳುತ್ತಾಳೆ. ಅವಳು ಸುಮ್ಮನೆ ಹಾಗೆಲ್ಲ ಹೇಳುವವಳಲ್ಲ.

ನಮ್ಮೂರಿನ ಹಿಂದಿನ ದೊರೆಯೊಬ್ಬರು ಹಡಗು ಹತ್ತಿ ಬ್ರಿಟಿಷ್ ರಾಜರ ಅರಮನೆಗೆ ಹೋಗಿದ್ದರಂತೆ. ಅಲ್ಲಿ ಬಿರುದು ಕೊಡುವ ಕ್ರಮವನ್ನೆಲ್ಲ ನೋಡಿ, ಬರೆದುಕೊಂಡು ಬಂದು, ಅದನ್ನೇ ಇಲ್ಲೂ ಶುರುಮಾಡಿದರು. ವರ್ಷಕ್ಕೆರಡು ಸಲ ಪಟ್ಟಿ ಪ್ರಕಟಿಸುವುದು. ಅದಕ್ಕೂ ಮುಂಚೆ ಗುಟ್ಟಾಗಿ ಕಾಗದ ಬರೆದು, ಕೊಟ್ಟರೆ ತೆಗೆದುಕೊಳ್ಳುತ್ತೀರಾ ಎಂದು ಕೇಳುವುದು. ಮೆತ್ತೆ ಹಾಕಿದ ಮಣೆಯ ಮೇಲೆ ಬಲಮಂಡಿ ಊರಿಸಿ, ಕತ್ತಿಯನ್ನು ಮೊದಲು ಬಲ ಹೆಗಲಿಗೆ, ಆಮೇಲೆ ಎಡ ಹೆಗಲಿಗೆ ಮುಟ್ಟಿಸುವುದು. ಪಡೆದವರು ಸತ್ತ ಮೇಲೆ ಮನೆಯವರು ಪದಕವನ್ನು ಹಿಂದಿರುಗಿಸುವುದು. ಎಲ್ಲವೂ ಅಲ್ಲಿಯ ಹಾಗೆಯೇ. ಆದರೆ ಅಲ್ಲಿ ಆಗದ ಒಂದು ಸಂಗತಿ ಇಲ್ಲಿ ಆಗತೊಡಗಿತು. ಬಿನ್ನವತ್ತಳೆಯಲ್ಲಿ ಯಾವ ಕೆಲಸವನ್ನು ಹೊಗಳಿ ಓದಿದರೋ, ಕತ್ತಿ ಎರಡನೇ ಹೆಗಲನ್ನು ಮುಟ್ಟಿದ ಗಳಿಗೆಯಲ್ಲಿ ಆ ಕೆಲಸ ಪಡೆದವರ ಕೈಬಿಟ್ಟು ಹೋಗುತ್ತದೆ. ಮೊದಲ ಬಿರುದು ಒಬ್ಬ ನಾಗಸ್ವರದವನಿಗೆ ಸಿಕ್ಕಿತಂತೆ. ಮರುದಿನ ಅವನು ಎಷ್ಟು ಊದಿದರೂ ಬರೀ ಗಾಳಿ ಬಂತು.

ಇನ್ನೊಂದು ಸಂಗತಿಯನ್ನೂ ಈಗಲೇ ಹೇಳಿಬಿಡುತ್ತೇನೆ. ಒಮ್ಮೆ ಹಿರಿದ ಆ ಕತ್ತಿ ಯಾರದಾದರೂ ಎರಡೂ ಹೆಗಲನ್ನು ಮುಟ್ಟುವವರೆಗೆ ಒರೆಗೆ ವಾಪಸು ಹೋಗುವುದಿಲ್ಲ. ನಮ್ಮ ತಾತನ ಕಾಲದಲ್ಲಿ ಒಬ್ಬರು ಸಮಾರಂಭದ ನಡುವೆಯೇ ಹೆದರಿ ಓಡಿಹೋದರು. ಆರು ತಿಂಗಳು ಬರಿಗತ್ತಿ ಅರಮನೆಯ ಮೇಜಿನ ಮೇಲೆ ಬಿದ್ದಿತ್ತು. ಅಷ್ಟೂ ದಿನ ಊರಿನ ಒಂದು ಮನೆಯಲ್ಲೂ ಹಾಲು ಹೆಪ್ಪುಗಟ್ಟಿ ಮೊಸರಾಗಲಿಲ್ಲ.

ಮೊದಮೊದಲು ಊರಿನವರು ಅತ್ತರು. ಆಮೇಲೆ ಬುದ್ಧಿ ಓಡಿಸಿದರು. ಕಚೇರಿಯ ಬಾಗಿಲಲ್ಲಿ ಹಸಿರು ಬಣ್ಣದ ಪೆಟ್ಟಿಗೆಯೊಂದಿದೆ, ಇಂಥವರಿಗೆ ಬಿರುದು ಕೊಡಿ ಎಂದು ಯಾರು ಬೇಕಾದರೂ ಬರೆದು ಹಾಕಬಹುದು. ಬೆಳಗಿನ ಜಾವ ಹಾರ್ಮೋನಿಯಂ ಹಿಡಿದು ಕೂರುವವರ ಅಕ್ಕಪಕ್ಕದವರು ಬರೆಯತೊಡಗಿದರು. ನಿವೃತ್ತ ಅಮಲ್ದಾರರೊಬ್ಬರು ಮದುವೆಯಿರಲಿ, ತಿಥಿಯಿರಲಿ ಒಂದೂವರೆ ಗಂಟೆ ಭಾಷಣ ಮಾಡುತ್ತಿದ್ದರು. ಅವರ ಮೇಲೆ ಬಂದ ಅರ್ಜಿಗಳು ಅಷ್ಟಿಷ್ಟಲ್ಲ. 'ವಾಗ್ಭೂಷಣ' ಕೊಟ್ಟೆವು. ಈಗ ಅವರು ಎದ್ದು ನಿಂತು "ಎಲ್ಲರಿಗೂ ಒಳ್ಳೆಯದಾಗಲಿ" ಎಂದು ಕೂತುಬಿಡುತ್ತಾರೆ, ಎದೆಯ ಮೇಲೆ ಪದಕ ಹೊಳೆಯುತ್ತಿರುತ್ತದೆ. ಅವರಿಗೂ ಸಂತೋಷ, ಊರಿಗೂ ಸಂತೋಷ. ಅವರ ಹೆಂಡತಿ ನಮ್ಮ ಮನೆಗೆ ಒಂದು ಡಬ್ಬ ಚಕ್ಕುಲಿ ಕಳಿಸಿದ್ದರು.

ಇದರಿಂದ ನಮ್ಮ ನಾಲಿಗೆಗೆ ಒಂದು ಅಭ್ಯಾಸ ಬಂತು. ಕೆಲಸ ಬಲ್ಲವರನ್ನು ನಾವು ಹೊಗಳುವುದಿಲ್ಲ. ಊಟ ಎಷ್ಟು ರುಚಿಯಾಗಿದ್ದರೂ "ಉಪ್ಪು ಸರಿಯಾಗಿದೆ" ಎನ್ನುತ್ತೇವೆ. ಹೊಲಿಗೆಯವನು ಮೈಗೆ ಒಪ್ಪುವ ಹಾಗೆ ರವಿಕೆ ಹೊಲಿದರೆ "ಗುಂಡಿ ಇದೆಯಲ್ಲ, ಸಾಕು" ಎನ್ನುತ್ತೇವೆ. ಯಾರ ಕಿವಿಗೆ ಬಿದ್ದು ಯಾರು ಪೆಟ್ಟಿಗೆಗೆ ಹಾಕುತ್ತಾರೋ ಎಂಬ ಭಯ. ಇಡೀ ಊರಿನ ಹೊಗಳಿಕೆಯೆಲ್ಲ ನನ್ನೊಬ್ಬನ ಲೇಖನಿಯಲ್ಲಿ ಹರಿಯಬೇಕಾಗಿತ್ತು. ಅದೂ ಹೊಗಳಿಕೆಗೆ ಲಾಯಕ್ಕಿಲ್ಲದವರ ಮೇಲೆ.

ಪುಟ್ಟೀರಮ್ಮ ನಮ್ಮೂರಿನಲ್ಲಿ ಮೂಳೆ ಕೂರಿಸುವವಳು. ಕುಂಬಾರಗೇರಿಯ ತುದಿಯಲ್ಲಿ ಮನೆ, ಜಗುಲಿಯೇ ಆಸ್ಪತ್ರೆ. ನೋಯುವ ಜಾಗವನ್ನು ಕಣ್ಣುಮುಚ್ಚಿ ತಡವುತ್ತಾ ಮನೆಯ ಸಮಾಚಾರ ಕೇಳುತ್ತಾಳೆ. ನಾವು ಉತ್ತರ ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಕಟಕ್ ಎನ್ನುತ್ತದೆ. ಆಮೇಲೆ ಮೊಟ್ಟೆಯ ಲೋಳೆ ಹಚ್ಚಿದ ಬಟ್ಟೆ, ಬಿದಿರಿನ ದಬ್ಬೆ, ಬಿಗಿಯಾಗಿ ಕಟ್ಟು. ಬೇರೆ ಊರಿನ ಡಾಕ್ಟರ ಬಳಿಗೆ ಹೋಗೋಣವೆಂದರೆ ಮುರಿದ ಮೂಳೆ ಇಟ್ಟುಕೊಂಡು ದಾಟಬಹುದಾದ ರಸ್ತೆ ನಮ್ಮಲ್ಲಿಲ್ಲ. ಇಬ್ಬರು ಸೊಸೆಯರಿಗೆ ಅವಳು ಕಲಿಸಲು ನೋಡಿದಳು, ಅವರಿಗೆ ಕೈ ಹತ್ತಲಿಲ್ಲ. ನನ್ನ ಎಡ ಹೆಗಲು ಒಂಬತ್ತನೇ ವಯಸ್ಸಿನಲ್ಲಿ ಸೀಬೆಮರದಿಂದ ಬಿದ್ದಾಗ ಜಾರಿದ್ದು. ಅಂದಿನಿಂದ ವರ್ಷಕ್ಕೆ ಎರಡು ಮೂರು ಸಲ ಜಾರುತ್ತಲೇ ಇದೆ. ಮೇಲಿನ ಕಪಾಟಿನಿಂದ ಕಡತ ತೆಗೆದರೂ ಸಾಕು, ಜೋರಾಗಿ ಸೀನಿದರೂ ಸಾಕು. ಒಮ್ಮೆ ನೀಲಾಳ ಜೊತೆ ಜಗಳವಾಡುತ್ತಾ ಕೈಬೀಸಿದಾಗಲೂ ಜಾರಿತ್ತು. ಪ್ರತಿ ಸಲವೂ ಪುಟ್ಟೀರಮ್ಮನ ಬಳಿ ಓಡುತ್ತಿದ್ದೆ, ಅವಳು ಕೂರಿಸುತ್ತಿದ್ದಳು, ನಾನು "ಪರವಾಗಿಲ್ಲ" ಎಂದು ಎದ್ದು ಬರುತ್ತಿದ್ದೆ.

ಹೋದ ವರ್ಷ ಬೇಸಿಗೆಯ ಪಟ್ಟಿಗೆಂದು ಪೆಟ್ಟಿಗೆ ತೆರೆದೆ. ಅರವತ್ತೊಂದು ಅರ್ಜಿ ಒಂದೇ ತರಹದವು. ಗುಂಡುಗುಂಡಾದ ಮಕ್ಕಳ ಅಕ್ಷರ, ಗೆರೆ ಎಳೆದ ಕಾಗದ. 'ಮಾನ್ಯ ಪುಟ್ಟೀರಮ್ಮನವರ ಕೈಗುಣ ಬಹಳ ದೊಡ್ಡದು. ಅವರಿಗೆ ಬಿರುದು ಕೊಟ್ಟು ಗೌರವಿಸಬೇಕೆಂದು ಬೇಡುತ್ತೇವೆ.' ಮತ್ತೆ ಮೊದಲಿನಿಂದ ಎಣಿಸಿದೆ. ಯಾಕೆಂದರೆ ಐವತ್ತಕ್ಕಿಂತ ಹೆಚ್ಚು ಅರ್ಜಿ ಬಂದ ಹೆಸರನ್ನು ಪಟ್ಟಿಯಿಂದ ತೆಗೆಯುವ ಅಧಿಕಾರ ಯಾರಿಗೂ ಇಲ್ಲ, ಈಗ ಪಟ್ಟದಲ್ಲಿರುವ ದೊರೆಸಾನಿಯವರಿಗೂ ಇಲ್ಲ. ಹಿಂದೆ ನನ್ನ ಜಾಗದಲ್ಲಿದ್ದವನು ಹಾರ್ಮೋನಿಯಂ ಬಾರಿಸುವ ತನ್ನ ಭಾವಮೈದುನನ ಹೆಸರನ್ನು ಏಳು ವರ್ಷ ತಪ್ಪಿಸಿದ್ದ. ಆಮೇಲೆ ಮಾಡಿದ ಕಾನೂನು ಅದು.

ಶಾಲೆಗೆ ಓಡಿದೆ. ಹೊಸದಾಗಿ ಬಂದ ಅನಂತಶಯನ ಮೇಷ್ಟ್ರು ಕುಂಟುತ್ತಾ ಎದುರು ಬಂದರು. ಊರಿಗೆ ಬಂದ ಮೊದಲ ವಾರದಲ್ಲೇ ಮೆಟ್ಟಿಲ ಮೇಲೆ ಜಾರಿ ಪಾದದ ಕೀಲು ತಪ್ಪಿಸಿಕೊಂಡಿದ್ದರು.

"ಮೇಷ್ಟ್ರೇ, ಇದೇನಿದು?" ಎಂದು ಕಾಗದಗಳನ್ನು ಅವರ ಮುಂದೆ ಹಿಡಿದೆ.

"ಓ, ತಲುಪಿತಾ? ಅರ್ಜಿ ಬರೆಯೋದು ಹೇಗೆ ಅಂತ ಪಾಠ ಇತ್ತು. ಸುಮ್ಮನೆ ಯಾವುದೋ ಸುಳ್ಳು ವಿಷಯ ಯಾಕೆ, ನಿಜವಾದದ್ದೇ ಬರೆಸೋಣ ಅಂತ ಬರೆಸಿದೆ. ಆ ಅಮ್ಮ ನನ್ನ ಕಾಲು ಉಳಿಸಿದರು ಸಾರ್. ಬಹಳ ಚೆನ್ನಾಗಿ ಮಾಡಿದಿರಿ, ನಿಮ್ಮ ಉಪಕಾರ ಮರೆಯೋದಿಲ್ಲ ಅಂದೆ. ಅವರು ನನ್ನ ಮುಖವನ್ನೇ ನೋಡುತ್ತಾ ಕೂತುಬಿಟ್ಟರು."

ನಾನು ಅಲ್ಲೇ ಬೆಂಚಿನ ಮೇಲೆ ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿದೆ. ಹೇಳುತ್ತಿದ್ದ ಹಾಗೆ ಅವರ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತು. "ನನಗೆ ಯಾರೂ ಹೇಳಲಿಲ್ವಲ್ಲ ಸಾರ್" ಎಂದರು. ಹೇಳಲಿಲ್ಲ, ನಿಜ. ಊರಿನವರಿಗೆಲ್ಲ ಗೊತ್ತಿರುವ ಸಂಗತಿಯನ್ನು ಹೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಮಕ್ಕಳು ಮೇಷ್ಟ್ರು ಬರೆಸಿದ್ದನ್ನು ಬರೆದಿದ್ದವು. ಅವನ್ನು ಬೈಯುವುದರಲ್ಲಿ ಅರ್ಥವಿರಲಿಲ್ಲ.

ಉಳಿದದ್ದು ಒಂದೇ ದಾರಿ, ಒಪ್ಪಿಗೆಯ ಕಾಗದ. ಬೇಡವೆಂದು ಬರೆದು ರುಜು ಹಾಕಿದರೆ ಹೆಸರು ಗುಟ್ಟಾಗಿ ಬಿದ್ದುಹೋಗುತ್ತದೆ. ನನ್ನ ಇಪ್ಪತ್ತೆರಡು ವರ್ಷದಲ್ಲಿ ಯಾರೂ ಬೇಡವೆಂದಿರಲಿಲ್ಲ, ಬಿರುದು ಬೇಡ ಎನ್ನುವಂಥವರನ್ನು ನಾವು ಕೇಳಿರಲಿಲ್ಲ ಅಷ್ಟೇ. ಕಾಗದದಲ್ಲಿ 'ಒಲ್ಲೆ' ಎಂಬ ಕಡೆ ಪೆನ್ಸಿಲಿನಿಂದ ಗುರುತು ಮಾಡಿಕೊಂಡು ಕುಂಬಾರಗೇರಿಗೆ ಹೋದೆ. ಪುಟ್ಟೀರಮ್ಮ ಜಗುಲಿಯ ಮೇಲೆ ಬಿದಿರು ಸೀಳುತ್ತಿದ್ದಳು.

"ಏನ್ಲಾ ರಾಚಪ್ಪ, ಮತ್ತೆ ಸೀನ್‌ಬುಟ್ಟಾ?"

"ಹೆಗಲು ನೆಟ್ಟಗಿದೆ ಅವ್ವ. ಇದಕ್ಕೊಂದು ರುಜು ಹಾಕು ಸಾಕು. ಬಿರುದಂತೆ, ನಿನಗೆ. ಮೇಷ್ಟ್ರು ತಿಳೀದೆ ಮಾಡಿದ ಎಡವಟ್ಟು. ಬೇಡ ಅಂತ ಇಲ್ಲಿ ಹಾಕಿಬಿಡು."

ಅವಳು ಮಚ್ಚು ಕೆಳಗಿಟ್ಟು ಕಾಗದವನ್ನು ತಿರುವಿ ತಿರುವಿ ನೋಡಿದಳು. "ಇದ್ರಲ್ಲಿ ನನ್ ಹೆಸ್ರು ಎಲ್ಲದೆ?" ಎಂದಳು. ತೋರಿಸಿದೆ. ಆ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದಳು, ಮೂಳೆ ತಡವುವಾಗ ಆಡಿಸುವ ಹಾಗೆಯೇ.

"ಬೇಕು ಅಂತ ಹಾಕೋದು ಯಾವ ಕಡೆ?"

"ಅವ್ವಾ! ನಿನ್ನ ಕೈ ಹೋಗುತ್ತೆ."

"ಗೊತ್ತು ಕಣ್ಲಾ, ನಾನೇನ್ ಮೇಷ್ಟ್ರಾ? ಐವತ್ತೈದು ವರ್ಸದಿಂದ ಈ ಜಗಲಿ ಮ್ಯಾಲೆ ಕೂತಿವ್ನಿ. ನಿಮ್ಮಪ್ಪನ ಪಕ್ಕೆ ಕಟ್ದೆ, ನಿನ್ ಹೆಗಲು ಕೂರಿಸ್ದೆ. ಒಬ್ರಾದ್ರೂ ಚೆನ್ನಾಗ್ ಮಾಡ್ದೆ ಪುಟ್ಟೀರಿ ಅಂದವ್ರಾ? ಪರ್ವಾಗಿಲ್ಲ, ಪರ್ವಾಗಿಲ್ಲ. ಆ ಮೇಷ್ಟ್ರು ಅಂದ ನೋಡು, ಅವತ್ತು ಅನ್ನ ಇಳೀನಿಲ್ಲ ನಂಗೆ. ಒಂದ್ ಸಲ, ಊರ್ನೋರೆಲ್ಲ ಕೂತಿರೋವಾಗ, ನಾನೇನ್ ಮಾಡಿವ್ನಿ ಅಂತ ಓದೋದ ಕೇಳ್ಬೇಕು. ಆಮ್ಯಾಕೆ ಕೈ ಹೋದ್ರೆ ಹೋಗ್ಲಿ. ನಂಗೂ ವಯಸ್ಸಾಯ್ತು."

ನನಗೆ ನಾಚಿಕೆಯಾಯಿತು. ಅವಳು 'ಒಪ್ಪಿದ್ದೇನೆ' ಎಂಬ ಕಡೆ ಹೆಬ್ಬೆಟ್ಟು ಒತ್ತಿದಳು. ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿದಳು. "ಬರ್ಯೋನು ನೀನೇ ತಾನೇ? ಚೆಂದಾಗಿ ಬರಿ."

ಪಟ್ಟಿ ಪ್ರಕಟವಾದ ದಿನದಿಂದ ಊರಿಗೆ ನೆಮ್ಮದಿ ಹೋಯಿತು. ಹಳೆಯ ಉಳುಕು, ಹಳೆಯ ನೋವು ಇದ್ದವರೆಲ್ಲ ಇರುವಾಗಲೇ ತೋರಿಸಿಬಿಡೋಣವೆಂದು ಕುಂಬಾರಗೇರಿಯಲ್ಲಿ ಸಾಲು ನಿಂತರು. ತಾಯಂದಿರು ಮಕ್ಕಳನ್ನು ಮರ ಹತ್ತಲು ಬಿಡಲಿಲ್ಲ. ಹೆಂಚು ಹೊದಿಸುವವರು ಮಾಡಿನ ಮೇಲಿಂದ ಇಳಿದು ಬೇರೆ ಕೆಲಸ ಹುಡುಕತೊಡಗಿದರು. ಉಳಿದವರೆಲ್ಲ ನನ್ನ ಮನೆಗೆ ಬಂದರು. ಎಲ್ಲರದೂ ಒಂದೇ ಸಲಹೆ, ಮೂಳೆಯ ವಿಷಯ ಬಿಟ್ಟು ಬೇರೆ ಯಾವುದಕ್ಕಾದರೂ ಅವಳನ್ನು ಹೊಗಳು. ಅವಳ ಹಿತ್ತಲಿನಲ್ಲಿ ನಾಲ್ಕು ಬದನೆ ಗಿಡವಿತ್ತು. ಬದನೆ ಬೆಳೆಯುವುದರಲ್ಲಿ ನಿಪುಣೆ ಎಂದು ಬರೆದರೆ ಹೋಗುವುದು ಬದನೆಕಾಯಿ, ಉಳಿಯುವುದು ಊರಿನ ಕೈಕಾಲು.

"ಬದನೆಕಾಯಿ ಅಂತ ಬರೀರಿ, ಪುಣ್ಯ ಬರುತ್ತೆ" ಎಂದಳು ನೀಲಾ ಕೂಡ. "ನಿಮ್ಮ ಹೆಗಲು ಜಾರಿದರೆ ಯಾರ ಹತ್ರ ಹೋಗ್ತೀರಿ? ನನ್ನ ಹತ್ರ ಬರಬೇಡಿ."

ಬದನೆಕಾಯಿಯದು ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆ. ಚೆನ್ನಾಗಿಯೇ ಬಂತು, ಅಂಥವನ್ನು ಬರೆದು ಪಳಗಿದ ಕೈ. ಆದರೆ ಲೇಖನಿ ಮುಚ್ಚಲು ಮನಸ್ಸಾಗಲಿಲ್ಲ. ಇನ್ನೊಂದು ಹಾಳೆ ತೆಗೆದುಕೊಂಡು ನಿಜವಾದದ್ದನ್ನು ಬರೆಯಲು ಕುಳಿತೆ. ಅದಕ್ಕೆ ಒಂಬತ್ತು ದಿನ ಹಿಡಿಯಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಾನು ಒಬ್ಬರನ್ನು ಮನಸಾರೆ ಹೊಗಳುತ್ತಿದ್ದೆ. ಯಾರ ಯಾರ ಮೂಳೆ ಕೂರಿಸಿದ್ದಾಳೆಂದು ಬೀದಿ ಬೀದಿ ಕೇಳಿ ಬರೆದುಕೊಂಡೆ. ಸಮಾರಂಭದ ದಿನ ನನ್ನ ಕೋಟಿನ ಬಲ ಜೇಬಿನಲ್ಲಿ ನಿಜವಿತ್ತು, ಎಡ ಜೇಬಿನಲ್ಲಿ ಬದನೆಕಾಯಿ. ಯಾವುದನ್ನು ಓದುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಅರಮನೆಯ ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ದೊರೆಸಾನಿಯವರಿಗೆ ಎಂಬತ್ತು ದಾಟಿದೆ. ಕತ್ತಿಯನ್ನು ಹಿರಿದು ಎರಡೂ ಕೈಯಲ್ಲಿ ಹಿಡಿದು ನಿಂತರು, ಆದರೂ ಅದರ ತುದಿ ನಡುಗುತ್ತಿತ್ತು. ಪುಟ್ಟೀರಮ್ಮ ಒಗೆದ ನೀಲಿ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಮಣೆಯ ಪಕ್ಕದಲ್ಲಿ ನಿಂತಿದ್ದಳು. ನೀಲಾ ಹೇಳಿಟ್ಟಿದ್ದಳೋ ಏನೋ, ಮುಂದಿನ ಸಾಲಿನವರೆಲ್ಲ ನನ್ನ ಎಡ ಜೇಬನ್ನೇ ನೋಡುತ್ತಿದ್ದರು. ನಾನು ಅಲ್ಲಿಗೇ ಕೈಹಾಕಿದೆ, ಹಾಳೆ ಬೆರಳಿಗೆ ಸಿಕ್ಕಿತು ಕೂಡ. ಅಷ್ಟರಲ್ಲಿ ಅವಳು ಕಣ್ಣು ಮುಚ್ಚಿ, ತಲೆಯನ್ನು ಸ್ವಲ್ಪ ನನ್ನ ಕಡೆ ವಾಲಿಸಿ, ಕೇಳಲು ಸಿದ್ಧಳಾದಳು. ನನ್ನಿಂದಾಗಲಿಲ್ಲ. ಬಲ ಜೇಬಿನದನ್ನು ತೆಗೆದು ಓದಿದೆ.

ಮುಂದಿನ ಸಾಲಿನಿಂದ "ಅಯ್ಯೋ" ಎಂಬ ಸದ್ದು ಬಂತು. ನಾನು ನಿಲ್ಲಿಸಲಿಲ್ಲ. ಗಾಣದ ಪಕ್ಕದ ಮನೆಯ ಸಾತಕ್ಕನ ಮೊಣಕಾಲು, ಹೆಂಚು ಹೊದಿಸುವ ಗುಡ್ಡಯ್ಯನ ಬೆನ್ನು, ಹುಟ್ಟುವಾಗಲೇ ತೋಳು ತಿರುಚಿಕೊಂಡ ಅವಳಿಜವಳಿ, ಎತ್ತಿನ ಗಾಡಿಯಡಿ ಸಿಕ್ಕ ಸುಂಕದ ಕಟ್ಟೆಯವನ ಎರಡೂ ಕಾಲು. ಓದುತ್ತಾ ಹೋದ ಹಾಗೆ, ಯಾರು ಮೊದಲು ಶುರುಮಾಡಿದರೋ ಗೊತ್ತಿಲ್ಲ, ಹೆಸರು ಬಂದವರು ಎದ್ದು ನಿಂತು ವಾಸಿಯಾದ ಕೈ, ವಾಸಿಯಾದ ಕಾಲು ಎತ್ತಿ ತೋರಿಸತೊಡಗಿದರು. ಗುಡ್ಡಯ್ಯ ಎತ್ತಲು ಏನೂ ಇಲ್ಲದೆ ಬೆನ್ನು ತಿರುಗಿಸಿ ನಿಂತ. ಒಬ್ಬರೂ ಪರವಾಗಿಲ್ಲ ಎನ್ನಲಿಲ್ಲ. "ಚೆನ್ನಾಗಿ ಮಾಡ್ದೆ ಪುಟ್ಟೀರಮ್ಮಾ" ಎಂದು ಸಾತಕ್ಕ ಅಷ್ಟು ಜನರೆದುರು ಕೂಗಿಯೇಬಿಟ್ಟಳು. ಕೊನೆಯಲ್ಲಿ ನನ್ನ ಹೆಗಲಿನ ಬಗ್ಗೆಯೂ ಬರೆದಿದ್ದೆ, ನಲವತ್ಮೂರು ವರ್ಷ, ತೊಂಬತ್ತಾರು ಸಲ.

ಮುಗಿದ ಮೇಲೆ ಪುಟ್ಟೀರಮ್ಮ ಕಣ್ಣು ತೆರೆದಳು. ಕೆನ್ನೆ ಒದ್ದೆಯಾಗಿತ್ತು, ಸೆರಗಿನಿಂದ ಒರೆಸಿಕೊಂಡಳು. ದೊರೆಸಾನಿಯವರು ಕತ್ತಿಯಿಂದಲೇ ಮಣೆ ತೋರಿಸಿದರು.

"ಬ್ಯಾಡಿ ಬುದ್ಧಿ" ಎಂದಳು ಅವಳು. "ಕೇಳ್ಬೇಕು ಅಂತಿದ್ದೆ, ಕೇಳ್ದೆ. ಹೊಟ್ಟೆ ತುಂಬ್ತು. ಕತ್ತಿ ನಂಗ್ಯಾಕೆ? ನಾಳೆ ಬೆಳಿಗ್ಗೆ ಹೂವಿನ ರಂಗಿ ಕಾಲಿನ ದಬ್ಬೆ ಬಿಚ್ಬೇಕು, ಬೇರೆ ಯಾರ್ ಬಿಚ್ಚಾರು?"

ಇಡೀ ಅಂಗಳ ಒಟ್ಟಿಗೆ ಉಸಿರುಬಿಟ್ಟಿತು. ಕೆಲವರು ನಕ್ಕರು, ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕೂತಲ್ಲೇ ಅತ್ತರು. ಆಮೇಲೆ ಎಲ್ಲರಿಗೂ ಒಂದೇ ಸಲ ಕತ್ತಿಯ ನೆನಪಾಯಿತು. ಅದು ಇನ್ನೂ ಹೊರಗಿತ್ತು.

"ಯಾರಾದರೂ ಬರಬೇಕಲ್ಲಪ್ಪ" ಎಂದರು ದೊರೆಸಾನಿಯವರು. "ನನ್ನ ಕೈ ಸೋಲ್ತಾ ಇದೆ. ಆರು ತಿಂಗಳು ಮೊಸರಿಲ್ಲದೆ ಇರೋದಕ್ಕೆ ನನ್ನಿಂದಾಗಲ್ಲ."

ಅಷ್ಟು ಜನರೂ ಒಂದು ಹೆಜ್ಜೆ ಹಿಂದೆ ಸರಿದರು. ಅವರನ್ನು ತಪ್ಪೆನ್ನಲಾರೆ, ಪ್ರತಿಯೊಬ್ಬರ ಕೈಯಲ್ಲೂ ಕಳೆದುಕೊಳ್ಳಬಾರದ ಏನೋ ಒಂದು ಇತ್ತು. ನನಗೇನಿತ್ತು? ನಾನು ಹಾಳೆಯನ್ನು ಮಡಚಿ ಪುಟ್ಟೀರಮ್ಮನ ಕೈಗಿತ್ತು ಮಣೆಯ ಮೇಲೆ ಮಂಡಿಯೂರಿದೆ.

"ರಾಚಪ್ಪನಿಗೆ ಯಾವುದಕ್ಕೆ ಅಂತ ಕೊಡೋದು? ಯಾರಾದರೂ ಹೇಳಿ" ಎಂದರು ದೊರೆಸಾನಿಯವರು.

ಪುಟ್ಟೀರಮ್ಮ ಹಾಳೆಯನ್ನು ಎದೆಗೊತ್ತಿಕೊಂಡು, "ಜನವ ಇಷ್ಟ್ ಚೆಂದಾಗಿ ಹೊಗಳಿ ಬರೀತಾನಲ್ಲ, ಅದಕ್ಕೆ ಕೊಡಿ ಬುದ್ಧಿ. ಇಂಥ ಮಾತ ನಾನ್ ಹುಟ್ಟಿದ್ಮ್ಯಾಕೆ ಕೇಳಿರ್ಲಿಲ್ಲ" ಎಂದಳು. ನನ್ನ ಬದುಕಿನಲ್ಲಿ ಯಾರಾದರೂ ನನ್ನ ಬರವಣಿಗೆಯನ್ನು ಹೊಗಳಿದ್ದು ಅದೊಂದೇ ಸಲ. ಅವಳು ಹೇಳಿದ್ದು ಎಷ್ಟು ನಿಜವೆಂದು ನನಗೂ ಅನ್ನಿಸಿತು.

ಕತ್ತಿ ಬಲ ಹೆಗಲನ್ನು ಮುಟ್ಟಿತು. ಎಡಕ್ಕೆ ಬರುವಷ್ಟರಲ್ಲಿ ದೊರೆಸಾನಿಯವರ ಕೈ ಸೋತು ಅಷ್ಟೂ ಭಾರ ನನ್ನ ಹೆಗಲ ಮೇಲೆ ದೊಪ್ಪೆಂದು ಬಿತ್ತು. ತಲೆಯೊಳಗೆ ಯಾರೋ ಅಂಗಡಿಯ ಬಾಗಿಲು ಹಾಕಿಕೊಂಡು ಹೋದ ಹಾಗಾಯಿತು. ಅದೇ ಗಳಿಗೆಯಲ್ಲಿ ಹೆಗಲು ಜಾರಿತು. ನಾನು ಅಮ್ಮಾ ಎಂದು ಕಿರುಚಿ ಮಣೆಯಿಂದ ಕೆಳಗುರುಳಿದೆ. ಕತ್ತಿ ಮಾತ್ರ ತನಗೇನೂ ಸಂಬಂಧವಿಲ್ಲವೆಂಬಂತೆ ಸಲೀಸಾಗಿ ಒರೆಗೆ ಹೋಯಿತು.

ಪುಟ್ಟೀರಮ್ಮ ನನ್ನ ಪಕ್ಕದಲ್ಲಿ ಕೂತಿದ್ದಳು. ಬೆರಳುಗಳು ಆಗಲೇ ಹೆಗಲ ಮೇಲೆ ಓಡಾಡುತ್ತಿದ್ದವು. ಓದಿದ್ದು ಅವಳ ಬಿನ್ನವತ್ತಳೆ, ಕತ್ತಿ ಮುಟ್ಟಿದ್ದು ನನ್ನನ್ನು. ಅವಳ ಕೈ ಉಳಿದಿದೆಯೋ ಇಲ್ಲವೋ, ಆಗಲೇ ತಿಳಿಯಬೇಕಿತ್ತು.

"ನೀಲಾ ಚೆನ್ನಾಗವ್ಳಾ? ಮನೇಲಿ ಇವತ್ತೇನ್ ಸಾರು?"

ನಾನು ಹುರುಳಿ ಎನ್ನಲು ಬಾಯಿ ತೆಗೆದೆ. ಕಟಕ್.

ಆಮೇಲೆ ಎದ್ದ ಗದ್ದಲದಲ್ಲಿ ಯಾರು ಯಾರನ್ನು ಅಪ್ಪಿಕೊಂಡರೋ, ನನಗೆ ಕಾಣಿಸಲಿಲ್ಲ. ನಾನು ಎದ್ದು ಕೂತು ಅವಳಿಗೆ ಏನಾದರೂ ಹೇಳಬೇಕೆಂದು ನೋಡಿದೆ. ಒಂಬತ್ತು ದಿನ ಹುಡುಕಿ ಬರೆದ ಮಾತುಗಳು, ಸ್ವಲ್ಪ ಹೊತ್ತಿನ ಮುಂಚೆ ನಾನೇ ಓದಿದ ಮಾತುಗಳು, ಒಂದೂ ಸಿಗಲಿಲ್ಲ. ಹಳೆಯ "ಪರವಾಗಿಲ್ಲ" ಮಾತ್ರ ನಾಲಿಗೆಯ ತುದಿಯಲ್ಲಿತ್ತು, ಅದನ್ನು ಇನ್ನೊಮ್ಮೆ ಹೇಳುವುದು ನನಗೆ ಬೇಕಿರಲಿಲ್ಲ. ಕಡೆಗೆ ಇದ್ದದ್ದನ್ನು ಹೇಳಿದೆ. "ಅವ್ವ, ನೋವು ಹೋಯ್ತು."

"ಅದೇ ಕಣ್ಲಾ ಬೇಕಾಗಿದ್ದು" ಎಂದಳು ಅವಳು.

ಬಿನ್ನವತ್ತಳೆ ಬರೆಯುವ ಕೆಲಸ ಈಗ ಅನಂತಶಯನ ಮೇಷ್ಟ್ರಿಗೆ ಬಂದಿದೆ. ಶಾಲೆ ಬಿಟ್ಟ ಮೇಲೆ ಬಂದು ಬರೆಯುತ್ತಾರೆ. ಅವರಿಗೆ ಹೊಗಳುವುದು ಹುಟ್ಟುಗುಣ, ಕಷ್ಟವೇನಿಲ್ಲ. ನನ್ನ ಹೆಗಲು ಈ ವರ್ಷ ಎರಡು ಸಲ ಜಾರಿತು. ಎರಡೂ ಸಲ ಕುಂಬಾರಗೇರಿಗೆ ಹೋದೆ, ನೋವು ಹೋಯ್ತು ಎಂದೆ. ನನ್ನ ಹಾಳೆಯನ್ನು ಅವಳು ಜಗುಲಿಯ ಗೋಡೆಗೆ ಅನ್ನದ ಅಂಟಿನಿಂದ ಅಂಟಿಸಿಕೊಂಡಿದ್ದಾಳೆ. ಕಾಯುತ್ತಾ ಕೂತವರಲ್ಲಿ ಓದುಬಲ್ಲವರು ಓದುಬಾರದವರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ. ಅವಳು ಬಿದಿರು ಸೀಳುತ್ತಾ ಕೇಳಿಸಿಕೊಳ್ಳುತ್ತಾಳೆ. ಕಳೆದ ಸಲ ನಾನೂ ಸಾಲಿನಲ್ಲಿ ಕೂತು ಕೇಳಿಸಿಕೊಂಡೆ.